ಕಥೆ ಹೇಳೋಕೆ ಕೂರೋ ಮೊದ್ಲು ‘ಹ್ಞೂಂ’ ಅನ್ನೋರನ್ನ ಹುಡುಕ್ಕೊಳ್ಳಿ

ನಮ್ಮ ಶಿರಸಿ ಕಡೆ ಅಡಿಕೆ ಸುಲಿಯೋ ಸೀಸನ್ನಲ್ಲಿ ರಾತ್ರಿ ಹತ್ತು ದಾಟಿದ್ರೂ ನಾವು ಹುಡುಗ್ರು ಮಲಗ್ತಿರ್ಲಿಲ್ಲ, ಯಾಕಂದ್ರೆ ಮೆಟ್ಟುಗತ್ತಿ ಮುಂದೆ ಕೂತು ದೊಡ್ಡಮ್ಮ ಕಥೆ ಹೇಳ್ತಿದ್ಲು. ಅವಳದ್ದು ಒಂದೇ ಕಂಡೀಷನ್ನು, ಯಾರಾದ್ರೂ ಒಬ್ರು ‘ಹ್ಞೂಂ’ ಅಂತಿರ್ಬೇಕು. ಹ್ಞೂಂ ನಿಂತ್ರೆ ಕಥೇನೂ ಬಂದ್.

ಅದ್ನ ಮರ್ತು ನಾನು ಒಂದು ಶಾಲೇಲಿ ಗೋಕರ್ಣದ ಕಥೆ ಹೇಳೋಕೆ ಹೋಗಿ ಮರ್ಯಾದೆ ಕಳ್ಕೊಂಡೆ. ರಾವಣನ ಅಪ್ಪ ಯಾರು, ಅಜ್ಜ ಯಾರು ಅಂತ ಶುರು ಮಾಡಿದ್ದೇ ಸೈ, ಹಿಂದಿನ ಬೆಂಚಲ್ಲಿ ಪೆನ್ ಫೈಟ್ ಶುರುವಾಯ್ತು.

ಈಗ ಹೆಂಗೆ ಹೇಳ್ತೀನಿ ಅಂದ್ರೆ, ಸೀದಾ ಸಮುದ್ರದ ದಂಡೆಗೇ ಹೋಗೋದು. ರಾವಣನ ಕೈಯಲ್ಲಿ ಶಿವ ಕೊಟ್ಟ ಆತ್ಮಲಿಂಗ, ಕೆಳಗಿಡೋ ಹಂಗಿಲ್ಲ, ಇಟ್ರೆ ಅಲ್ಲೇ ಕಚ್ಕೊಂಡ್ಬಿಡತ್ತೆ, ವಿಷ್ಣು ಚಕ್ರ ಅಡ್ಡ ಹಿಡಿದು ಕತ್ತಲೆ ಮಾಡ್ಬಿಟ್ಟಿದಾನೆ, ಸಂಧ್ಯಾವಂದನೆ ಹೊತ್ತಾಯ್ತು ಅಂತ ಇವನಿಗೆ ಗಡಿಬಿಡಿ, ಅಷ್ಟರಲ್ಲಿ ಒಬ್ಬ ಮಾಣಿ, ಅಂದ್ರೆ ಸಣ್ಣ ಹುಡುಗ, ಬರ್ತಾನೆ. ಲಿಂಗ ಸ್ವಲ್ಪ ಹಿಡ್ಕೋ ಅಂದ್ರೆ ಅವನು ಅಂತಾನೆ, ‘ಮೂರು ಸಲ ಕರೀತೀನಿ, ಬರ್ಲಿಲ್ಲ ಅಂದ್ರೆ ಇಟ್ಬಿಡ್ತೀನಿ.’ ಆ ಮಾಣಿ ಗಣಪತೀನೇ ಅಂತ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು, ಗೊತ್ತಿರ್ಲಿ ಬಿಡಿ. ಕೊನೆ ಗೊತ್ತಿದ್ರೂ ಜನ ತಾಳಮದ್ದಲೆಗೆ ರಾತ್ರಿಯಿಡೀ ಕೂರ್ತಾರಲ್ಲ, ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ ಬಿಟ್ರೆ ಬರೀ ಮಾತು.

ಇಡೀ ಕಥೆ ಇರೋದು ಆ ಮೂರು ಕರೆಯಲ್ಲೇ. ಮೊದಲ್ನೇ ‘ರಾವಣಾ...’ ಆರಾಮಾಗಿ. ಎರಡನೇದು ಸಣ್ಣ ದನಿಯಲ್ಲಿ, ರಾವಣನಿಗೆ ಕೇಳಿಸ್ಬಾರ್ದು ಅನ್ನೋ ಥರ. ಆಮೇಲೆ ಸುಮ್ನಾಗಿ. ಇಲ್ಲಿ ಸುಮ್ನಿರೋದು ಭಾರೀ ಕಷ್ಟ, ನಾಲಿಗೆ ತುರಿಸತ್ತೆ, ಆದ್ರೂ ತಡ್ಕೊಳ್ಳಿ, ಯಾವ್ದಾದ್ರೂ ಒಂದು ಮಗು ‘ಮುಂದೆಂತ ಆತು?’ ಅಂತ ಕೇಳೇ ಕೇಳತ್ತೆ. ಆಗ ಮೂರನೇದು ಗಬಕ್ಕನೆ ಹೇಳಿ, ಲಿಂಗ ಇಟ್ಬಿಡಿ.

ಬಾಯಿಪಾಠ ಮಾತ್ರ ಮಾಡ್ಬೇಡಿ, ಒಂದು ಶಬ್ದ ಮರೆತ್ರೆ ಇಡೀ ಬಂಡಿ ನಿಲ್ಲತ್ತೆ. ನಾಲ್ಕೈದು ಚಿತ್ರ ಕಣ್ಮುಂದೆ ಇದ್ರೆ ಸಾಕು. ಬಾಯಿಪಾಠ ಬೇಕಿರೋದು ಮೊದಲ್ನೇ ಸಾಲು, ಕೊನೇ ಸಾಲು ಅಷ್ಟೇ. ಮನೇಲಿ ಒಂದ್ಸಲ ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೇಳಿ, ‘ಆಮೇಲೆ ಏನಾಯ್ತಪ್ಪಾ ಅಂದ್ರೆ’ ಎಷ್ಟು ಸಲ ಬಂತು ಅಂತ ಎಣಿಸಿ (ನಂದು ಹದಿನೇಳು, ನಾಚಿಕೆ ಆಯ್ತು).

ಕೊನೇಲಿ ಲಿಂಗ ಕಿತ್ತ, ಬರ್ಲಿಲ್ಲ, ಮೇಲಿನ ವಸ್ತ್ರ ಎಸೆದಿದ್ದು ಮುರ್ಡೇಶ್ವರಕ್ಕೆ ಹೋಗಿ ಬಿತ್ತು, ಇವೆಲ್ಲ ಎಳೀತಾ ಕೂರ್ಬೇಡಿ. ಸಿಟ್ಟಲ್ಲಿ ರಾವಣ ಮಾಣಿ ತಲೆಗೆ ಒಂದು ಗುದ್ದು ಕೊಟ್ಟ ಅನ್ನಿ, ಗೋಕರ್ಣದ ಗಣಪತಿ ತಲೆ ಮೇಲೆ ಆ ಗುಳಿ ಈಗ್ಲೂ ಇದೆ ಅನ್ನಿ, ಅಷ್ಟಕ್ಕೇ ನಿಲ್ಸಿ. ನಾನು ಎರಡನೇ ಸಲ ಹಂಗೆ ಹೇಳಿದಾಗ ಪೆನ್ ಫೈಟ್ ಮಾಡ್ತಿದ್ದ ಅದೇ ಹುಡುಗ ಎದ್ದು ನಿಂತು, ‘ಸಾರ್, ನಾನು ಮುಟ್ಟಿ ನೋಡಿದ್ದೆ’ ಅಂದ.