ಬರೆಯುವುದಕ್ಕೆ ಫಂಕ್ಷನ್, ಓದುವುದಕ್ಕೆ ನೇರ ಕ್ವೆರಿ

ಚಿಕ್ಕಪೇಟೆಯ ಸಗಟು ಬಟ್ಟೆ ಅಂಗಡಿಗಳಿಗೆ ನಾವು ಕೊಡುವ ಲೆಕ್ಕದ ಸಾಫ್ಟ್‌ವೇರ್ ಓಡುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಮೇಲೆ. ವೋಚರ್ (ಒಂದು ವ್ಯವಹಾರದ ಲೆಕ್ಕದ ನಮೂದು) ಮೂರು ಕಡೆಯಿಂದ ಬರುತ್ತದೆ: ಬಿಲ್ಲಿಂಗ್ ಸ್ಕ್ರೀನ್, ಮೊಬೈಲ್ ಆ್ಯಪ್, ಎಕ್ಸೆಲ್ ಇಂಪೋರ್ಟ್. ಡೆಬಿಟ್ ಕ್ರೆಡಿಟ್ ತಾಳೆ ನೋಡುವ ಕೋಡನ್ನು ಮೂರೂ ಕಡೆ ಬರೆದರೆ ಒಂದಲ್ಲ ಒಂದು ಕಡೆ ಹಳತಾಗಿ ಉಳಿಯುತ್ತದೆ. ಹಾಗಾಗಿ ಜರ್ನಲ್‌ಗೆ, ಅಂದರೆ ವೋಚರ್‌ಗಳೆಲ್ಲ ಸೇರುವ ಟೇಬಲ್‌ಗೆ, ಬರೆಯುವುದು ಡೇಟಾಬೇಸ್ ಒಳಗೇ ಇರುವ ಒಂದೇ ಒಂದು ಫಂಕ್ಷನ್. ಆ್ಯಪ್‌ನ ಡೇಟಾಬೇಸ್ ಯೂಸರ್‌ಗೆ ಟೇಬಲ್ ಮೇಲೆ ಸೆಲೆಕ್ಟ್ (ಓದುವ ಅನುಮತಿ) ಮಾತ್ರ.

ಫಂಕ್ಷನ್ ಸೆಕ್ಯುರಿಟಿ ಡಿಫೈನರ್ ಆಗಿರಬೇಕು, ಅಂದರೆ ಕರೆದವರದಲ್ಲ, ಅದರ ಮಾಲೀಕರ ಅನುಮತಿಯಲ್ಲಿ ಓಡಬೇಕು; ಟೇಬಲ್‌ಗಳನ್ನು ಎಲ್ಲಿ ಹುಡುಕಬೇಕೆನ್ನುವ ಸರ್ಚ್ ಪಾತ್ ಅದರಲ್ಲೇ ಸೆಟ್ ಆಗಿರಬೇಕು. ಹೊಸ ಫಂಕ್ಷನ್‌ನ ಎಕ್ಸಿಕ್ಯೂಟ್ ಅನುಮತಿ ತಾನಾಗಿಯೇ ಪಬ್ಲಿಕ್‌ಗೆ, ಅಂದರೆ ಎಲ್ಲ ಯೂಸರ್‌ಗಳಿಗೂ, ಸಿಕ್ಕಿರುತ್ತದೆ; ಅದನ್ನು ರಿವೋಕ್ ಮಾಡಿ (ಹಿಂತೆಗೆದು), ಬೇಕಾದವರಿಗಷ್ಟೇ ಗ್ರಾಂಟ್ ಕೊಡಿ. ಡಿಫಾಲ್ಟ್ ಇರುವ ಹೊಸ ಪ್ಯಾರಾಮೀಟರ್ ಸೇರಿಸಿ ಕ್ರಿಯೇಟ್ ಆರ್ ರಿಪ್ಲೇಸ್ ಕೊಟ್ಟರೆ ಹಳೆಯದು ಹೋಗುವುದಿಲ್ಲ, ಎರಡೂ ಉಳಿದು ಹಳೆಯ ಕಾಲ್‌ಗೆ ‘ಫಂಕ್ಷನ್ ಈಸ್ ನಾಟ್ ಯುನೀಕ್’ ಎಂಬ ಎರರ್ ಬರುತ್ತದೆ. ಹಳೆಯದನ್ನು ಅದೇ ಟ್ರಾನ್ಸಾಕ್ಷನ್‌ನಲ್ಲಿ ಡ್ರಾಪ್ ಮಾಡಿ, ಅನುಮತಿಗಳನ್ನು ಮತ್ತೆ ಕೊಡಬೇಕು.

ಪೈಸೆಯ ಜಗಳ ಬೇರೆ. 999 ರೂಪಾಯಿಗೆ ಶೇ. 5 ಜಿಎಸ್‌ಟಿ ಅಂದರೆ 49.95. ಆದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ತಲಾ ಶೇ. 2.5 ಎಂದು ಬೇರೆಬೇರೆ ಹಾಕಿದರೆ 24.975, ರೌಂಡ್ ಆಗಿ 24.98; ಎರಡೂ ಸೇರಿ 49.96. ಸ್ಕ್ರೀನ್ ಒಂದು ಥರ, ಫಂಕ್ಷನ್ ಇನ್ನೊಂದು ಥರ ಲೆಕ್ಕ ಹಾಕಿದರೆ ವೋಚರ್ ತಾಳೆಯಾಗುವುದಿಲ್ಲ. ತೆರಿಗೆ ಫಂಕ್ಷನ್ ಒಳಗೇ ಹಾಕಿ, ಸ್ಕ್ರೀನ್ ಅದನ್ನೇ ತೋರಿಸಲಿ. ಮೊತ್ತದ ಕಾಲಂ ನಿಖರ ದಶಮಾಂಶದ ನ್ಯೂಮೆರಿಕ್ ಇರಲಿ, ಅಂದಾಜು ಬೆಲೆ ಇಡುವ ಫ್ಲೋಟ್ ಬೇಡವೇ ಬೇಡ.

ಬಿಲ್ ನಂಬರ್‌ಗೆ ಸೀಕ್ವೆನ್ಸ್ (ಡೇಟಾಬೇಸೇ ಸಾಲಾಗಿ ನಂಬರ್ ಕೊಡುವ ಸೌಲಭ್ಯ) ಬಳಸಬೇಡಿ. ರೋಲ್‌ಬ್ಯಾಕ್ ಆದರೂ, ಅಂದರೆ ಬರೆದದ್ದು ರದ್ದಾದರೂ, ಕೊಟ್ಟ ನಂಬರ್ ವಾಪಸ್ ಬರುವುದಿಲ್ಲ, ಜಿಎಸ್‌ಟಿ ನಿಯಮವೋ ಕ್ರಮಸಂಖ್ಯೆ ಸತತವಾಗಿರಬೇಕು, 16 ಅಕ್ಷರ ಮೀರಬಾರದು ಎನ್ನುತ್ತದೆ. ಆರ್ಥಿಕ ವರ್ಷಕ್ಕೊಂದು ಸಾಲಿನ ಕೌಂಟರ್ ಟೇಬಲ್ ಇಟ್ಟು, ನಂಬರ್ ಏರಿಸಿ ಅದನ್ನೇ ವಾಪಸ್ ಕೊಡುವ ಅಪ್‌ಡೇಟ್ ರಿಟರ್ನಿಂಗ್‌ನಿಂದ ನಂಬರ್ ತೆಗೆಯುತ್ತೇವೆ. ಆ ಸಾಲಿನ ಲಾಕ್ ಕಮಿಟ್ ಆಗುವ (ಬರೆದದ್ದು ಕಾಯಂ ಆಗುವ) ತನಕ ಬಿಡುವುದಿಲ್ಲವಾದ್ದರಿಂದ, ತಪಾಸಣೆಯೆಲ್ಲ ಮುಗಿದ ಮೇಲೇ ನಂಬರ್ ತೆಗೆಯಬೇಕು. ಇಲ್ಲದಿದ್ದರೆ ದೀಪಾವಳಿ ವ್ಯಾಪಾರದಲ್ಲಿ ಬಿಲ್ಲಿಂಗ್ ಕೌಂಟರ್‌ಗಳೆಲ್ಲ ಒಂದಕ್ಕೊಂದು ಕಾಯುತ್ತ ಕೂರುತ್ತವೆ.

ಓದುವ ಕೆಲಸ ಬೇರೆ: ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಶಿಲ್ಕಿನ ಪಟ್ಟಿ), ಬಾಕಿ ಪಟ್ಟಿಗಳಿಗೆ ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ), ನೇರ ಎಸ್‌ಕ್ಯೂಎಲ್. ಪೋಸ್ಟ್‌ಗ್ರೆಸ್‌ನದೇ ಭಾಷೆಯಾದ ಪಿಎಲ್‌ಪಿಜಿಎಸ್‌ಕ್ಯೂಎಲ್‌ನಲ್ಲಿ ಬರೆದ ಫಂಕ್ಷನ್ ಒಳಗೇನಿದೆ ಎಂದು, ಕ್ವೆರಿ ಓಡಿಸುವ ದಾರಿ ಆರಿಸುವ ಪ್ಲ್ಯಾನರ್‌ಗೆ ಕಾಣುವುದಿಲ್ಲ. ಹೊರಗೆ ‘ಈ ಪಾರ್ಟಿ ಮಾತ್ರ’ ಎಂದು ವೇರ್ ಹಾಕಿದರೂ ಮೊದಲು ಎಲ್ಲ ಪಾರ್ಟಿಗಳ ಲೆಕ್ಕ ಮಾಡಿ ಆಮೇಲೆ ಸೋಸುತ್ತದೆ. ಆ ದಾರಿಯನ್ನು ತೋರಿಸುವ ಎಕ್ಸ್‌ಪ್ಲೇನ್ ಕೊಟ್ಟರೆ ಬರೀ ‘ಫಂಕ್ಷನ್ ಸ್ಕ್ಯಾನ್’ ಎಂದು ತೋರಿಸಿ ಸುಮ್ಮನಾಗುತ್ತದೆ.