ನುಡಿ ಕೀಲಿಮಣೆ ಉಳಿಸಿಕೊಂಡೇ ಲಿನಕ್ಸ್ ಹಾಕಿದ ನನ್ನ ಅನುಭವ

2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಬೆಂಬಲ ನಿಂತಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ನಮ್ಮ ತಾಲ್ಲೂಕಿನ ಹಳೆಯ ಮದರ್‌ಬೋರ್ಡ್‌ಗಳಲ್ಲಿ ಇಲ್ಲ. ಹೊಸ ಯಂತ್ರಕ್ಕೆ ಮೂವತ್ತೈದು ಸಾವಿರವಾದರೂ ಬೇಕಿತ್ತು. ಹಳೆಯದಕ್ಕೇ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಡುತ್ತೇನೆ ಎಂದು ನಾನು ಹೊರಟಾಗ, ಕಂಪ್ಯೂಟರ್ ರಿಪೇರಿಯ ಇದೇ ಕಸುಬಿನ ಗೆಳೆಯರು "ಗುಮಾಸ್ತರ ಕೈಗೆ ಲಿನಕ್ಸ್ ಕೊಟ್ಟರೆ ವಾರದೊಳಗೆ ನಿನ್ನ ಅಂಗಡಿ ಮುಂದೆ ಸಾಲು ನಿಲ್ಲುತ್ತದೆ" ಎಂದರು. ಇಂದು ಎರಡು ಸಹಕಾರ ಸಂಘ, ಒಂದು ಡಿಟಿಪಿ ಅಂಗಡಿ ಮತ್ತು ಕೆಲವು ಮನೆಗಳಲ್ಲಿ ಸೇರಿ ಸುಮಾರು ಮೂವತ್ತು ಯಂತ್ರಗಳು ಅದರಲ್ಲೇ ನಡೆಯುತ್ತಿವೆ. ಒಬ್ಬರೂ ವಾಪಸ್ ಹೋಗಿಲ್ಲ.

ಹಿಂದೆ ಬೇರೆಯವರು ಹಾಕಿಕೊಟ್ಟಿದ್ದೆಲ್ಲ ಕೆಟ್ಟಿದ್ದು ಕೀಲಿಮಣೆಯಲ್ಲಿ. ಹದಿನೈದು ವರ್ಷ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದವರ ಮುಂದೆ ಬೇರೆಯದೇ ಕೀಲಿ ಜೋಡಣೆಯ ಇನ್‌ಸ್ಕ್ರಿಪ್ಟ್ ಇಟ್ಟರೆ ಅವರು ಯಾಕೆ ಒಪ್ಪಬೇಕು? ಐಬಸ್‌ನ (ಲಿನಕ್ಸ್ನಲ್ಲಿ ಭಾಷೆಗಳ ಬೆರಳಚ್ಚು ನೋಡಿಕೊಳ್ಳುವ ತಂತ್ರಾಂಶ) ಎಂ17ಎನ್ ಎಂಬ ಕೀಲಿಮಣೆಗಳ ಪಟ್ಟಿಯಲ್ಲಿ ನುಡಿಯದೇ ಆದ ಕೆಜಿಪಿ ವಿನ್ಯಾಸ ಇದ್ದೇ ಇದೆ, ಹುಡುಕುವವರಿಲ್ಲ ಅಷ್ಟೇ. ಒತ್ತಕ್ಷರಕ್ಕೆ ಎಫ್ ಒತ್ತುವ ಅಭ್ಯಾಸವೂ ಹಾಗೆಯೇ ನಡೆಯುತ್ತದೆ. ಭಾಷೆ ಬದಲಿಸುವ ಕೀಲಿಯನ್ನು ಒಬ್ಬೊಬ್ಬರನ್ನೂ ಕೇಳಿ ಅವರ ರೂಢಿಯದಕ್ಕೇ ಹೊಂದಿಸಿದೆ. ಸಂಘದ ಗುಮಾಸ್ತೆ ಅರ್ಧ ಪುಟ ಬರೆದು, "ಅಣ್ಣಾ, ಇದು ನುಡಿಯೇ ಅಲ್ಲವೇ?" ಎಂದು ಕೇಳಿದಾಗ ಇನ್ನು ಗೆದ್ದೆ ಎಂದುಕೊಂಡೆ.

ಎಂಎಸ್ ಆಫೀಸ್ ಬದಲಿಗೆ ಬಳಸುವ ಉಚಿತ ಲಿಬ್ರೆ ಆಫೀಸ್‌ನಲ್ಲಿ ಟ್ಯಾಬ್ ಇರುವ ನೋಟ, ಉಳಿಸುವಾಗ ತಾನಾಗಿಯೇ ವರ್ಡ್ ಕಡತದ ಡಾಕ್ಸ್ ರೂಪ, ಕ್ಯಾಲಿಬ್ರಿ ಕ್ಯಾಂಬ್ರಿಯಾಗಳ ಅಳತೆಗೆ ಸರಿಹೊಂದುವ ಕಾರ್ಲಿಟೊ ಕ್ಯಾಲಡಿಯಾ ಫಾಂಟುಗಳು: ಇವು ಎಲ್ಲರೂ ಮಾಡುವ ಹೊಂದಿಕೆಗಳೇ. ಕಾಡುವುದು ಸಿಟಿಎಲ್ ಫಾಂಟ್, ಅಂದರೆ ಕನ್ನಡದಂತಹ ಲಿಪಿಗಳಿಗೆ ಪ್ರತ್ಯೇಕವಾಗಿ ಇಡುವ ಫಾಂಟ್. ಖಾಲಿ ಹಾಳೆಯಲ್ಲಿ ಗಾತ್ರ 14 ಕೊಟ್ಟು ಕನ್ನಡ ಬರೆದರೆ ಅಕ್ಷರ 12ರಲ್ಲೇ ಮೂಡುತ್ತದೆ, ಏಕೆಂದರೆ ಇಂಗ್ಲಿಷಿಗೂ ಕನ್ನಡಕ್ಕೂ ಅಲ್ಲಿ ಬೇರೆ ಬೇರೆ ಲೆಕ್ಕ. ಸಾಮಾನ್ಯ ಬಳಕೆದಾರರು ತಂತ್ರಾಂಶವೇ ಕೆಟ್ಟಿದೆ ಎಂದುಕೊಳ್ಳುವುದು ಇಂತಹ ಕಡೆಯೇ. ಎರಡಕ್ಕೂ ಒಂದೇ ಗಾತ್ರವಿಟ್ಟು, ಕನ್ನಡಕ್ಕೆ ನವಿಲು ಫಾಂಟ್ ಕೊಟ್ಟು ಟೆಂಪ್ಲೇಟ್ ಮಾಡಿಟ್ಟ ಮೇಲೆ ಆ ದೂರು ಬರಲಿಲ್ಲ.

ಹಣ ಹೋಗಿದ್ದು ಪ್ರಿಂಟರ್‌ನಲ್ಲಿ. ಒಂದು ಕಂಪನಿಯ ಅಗ್ಗದ ಲೇಸರ್ ಪ್ರಿಂಟರ್ ಇಲ್ಲಿ ಎಲ್ಲ ಕಚೇರಿಗಳಲ್ಲೂ ಇದೆ. ಅದರ ಚಾಲಕ ತಂತ್ರಾಂಶ ಎಷ್ಟೋ ವರ್ಷಗಳ ಹಿಂದಿನದು. ಒಂದು ಪುಟ ಮುದ್ರಿಸಿ ನಿಲ್ಲುತ್ತದೆ, ಮತ್ತೆ ಸ್ವಿಚ್ ಆರಿಸಿ ಹಾಕಬೇಕು. ರಾತ್ರಿಗಟ್ಟಲೆ ಕುಳಿತರೂ ಒಲಿಯಲಿಲ್ಲ. ಕೊನೆಗೆ ಒಂದು ಸಂಘಕ್ಕೆ ನಾಲ್ಕೂವರೆ ಸಾವಿರದ ಸೆಕೆಂಡ್ ಹ್ಯಾಂಡ್ ನೆಟ್‌ವರ್ಕ್ ಪ್ರಿಂಟರ್ ತರಿಸಿ ಅರ್ಧ ಹಣ ನಾನೇ ಹಾಕಿದೆ. ಈಗ ಪ್ರಿಂಟರ್ ಯಾವುದು ಎಂದು ಕೇಳದೆ ಕೆಲಸ ಒಪ್ಪುವುದಿಲ್ಲ.

ಹಳೆಯ ಕಡತಗಳದು ಇನ್ನೊಂದು ಕಥೆ. ಹಳೆಯ ಅಕ್ಷರ ಸಂಕೇತವಾದ ಆಸ್ಕಿ ನುಡಿಯಿಂದ, ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್‌ಗೆ ತಿರುಗಿಸುವ ಉಚಿತ ತಂತ್ರಾಂಶಗಳಿವೆ, ಆದರೆ ಅರ್ಕಾವೊತ್ತು ಮುಗ್ಗರಿಸುತ್ತದೆ. ಆಸ್ಕಿಯಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲೇ ಬರಬೇಕು. ಕೋಷ್ಟಕದೊಳಗಿನ ಪಠ್ಯದಲ್ಲಂತೂ ತಪ್ಪುಗಳೇ ತಪ್ಪುಗಳು. ಇವನ್ನು ಸರಿಪಡಿಸುವ ನೂರಕ್ಕೂ ಹೆಚ್ಚು ಬದಲಾವಣೆಗಳ ಪಟ್ಟಿಯೊಂದನ್ನು ಕಟ್ಟಿದ್ದೇನೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಕೊಡುವುದಿಲ್ಲ.

ಇದರ ನಡುವೆ, ಪುಟದ ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶವಾದ ಟೆಸರಾಕ್ಟ್‌ನಲ್ಲಿ ಸಂಘದ ಹಳೆಯ ಸುತ್ತೋಲೆಗಳನ್ನು ಓದಿಸಿ ನೋಡಿದೆ. ಕಂಪ್ಯೂಟರ್ ಅಕ್ಷರದ ಪುಟ ಚೆನ್ನಾಗಿ ಬಂತು. ಮೊಳೆ ಜೋಡಿಸಿ ಅಚ್ಚು ಮಾಡಿದ ಪುಟದಲ್ಲಿ ಒತ್ತಕ್ಷರಗಳು ಕಲಸಿಹೋದವು. ಸ್ಕ್ಯಾನಿನ ಸ್ಪಷ್ಟತೆಯನ್ನು 300 ಡಿಪಿಐಗೆ ಏರಿಸಿದ ಮೇಲೆ ಸ್ವಲ್ಪ ಸುಧಾರಿಸಿತು. ಇನ್ನೂ ಕೈಬಿಟ್ಟಿಲ್ಲ.

ನಾನು ಹಾಕಿಕೊಟ್ಟಾಗ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿಗೆ ಸುಮಾರು 1,600 ರೂಪಾಯಿ, ಹಳೆಯ ರ‍್ಯಾಮ್‌ಗೆ ಐನೂರರ ಆಸುಪಾಸು, ನನ್ನ ಕೂಲಿ ಎಂಟುನೂರು. ಮೂರು ಸಾವಿರದೊಳಗೆ ಯಂತ್ರ ಎದ್ದು ನಿಂತಿತು. ಮ್ಯಾಕ್ರೋ (ತಾನಾಗಿ ನಡೆಯುವ ಪುಟ್ಟ ಆದೇಶಗಳು) ತುಂಬಿದ ಸಂಬಳದ ಎಕ್ಸೆಲ್ ಹಾಳೆ ಮಾತ್ರ ಲಿಬ್ರೆ ಆಫೀಸ್‌ಗೆ ಬಗ್ಗಲಿಲ್ಲ. ಅದಕ್ಕಾಗಿ ಒಂದು ಸಂಘದಲ್ಲಿ ಒಂದು ವಿಂಡೋಸ್ ಯಂತ್ರವನ್ನು, ಇಂಟರ್‌ನೆಟ್ ತಂತಿ ಕಿತ್ತು, ಹಾಗೆಯೇ ಇಟ್ಟಿದ್ದೇವೆ.