‘ಯಾವುದೇ ದೂರು ಇರುವುದಿಲ್ಲ’ ಅಂತ ಬರೆದವಳು ನಾನೇ

ದಾವಣಗೆರೆಯಲ್ಲಿ ವಕೀಲಿಕೆ ಮಾಡುತ್ತೇನೆ. ಉಚಿತ ಕಾನೂನು ನೆರವು ಕೊಡುವ ಕಾನೂನು ಸೇವಾ ಪ್ರಾಧಿಕಾರದ ವಕೀಲರ ಪ್ಯಾನೆಲ್‌ನಲ್ಲಿದ್ದೇನೆ. ಸರದಿ ಬಂದಾಗ ಜೈಲಿಗೆ ಹೋಗಿ ಕೈದಿಗಳನ್ನು ವಿಚಾರಿಸುವುದು ನನ್ನ ಕೆಲಸ. ಯಾವ ಜೈಲು ಅಂತ ಇಲ್ಲಿ ಹೇಳುವುದಿಲ್ಲ.

ಅವತ್ತು ಬ್ಯಾರಕ್ ಮುಂದೆ ಎಲ್ಲರನ್ನೂ ಸಾಲಾಗಿ ಕೂರಿಸಿದ್ದರು. ವಾರ್ಡರ್ ಪಕ್ಕದಲ್ಲೇ ನಿಂತು, “ಮೇಡಂ ಬಂದಿದಾರೆ, ತೊಂದ್ರೆ ಇದ್ರೆ ಹೇಳ್ರಪ್ಪ” ಅಂದ. ಅವನ ಎದುರಿಗೆ ಯಾರು ಹೇಳ್ತಾರೆ? ರಿಜಿಸ್ಟರ್‌ನಲ್ಲಿ ‘ಕೈದಿಗಳನ್ನು ವಿಚಾರಿಸಲಾಯಿತು. ಯಾವುದೇ ದೂರು ಇರುವುದಿಲ್ಲ’ ಅಂತ ಬರೆದು ಸಹಿ ಹಾಕಿದೆ. ಟೀ ಕುಡಿದು ಬಸ್ ಹತ್ತಿದೆ. ಐದನೇ ದಿನ ಆ ಸಾಲಿನಲ್ಲಿದ್ದ ಹುಡುಗನೊಬ್ಬ ಜೀವ ಕಳೆದುಕೊಂಡಿದ್ದ.

ಪೊಲೀಸರ ಯುಡಿಆರ್‌ನಲ್ಲಿ, ಅಂದರೆ ಅಸಹಜ ಸಾವಿನ ವರದಿಯಲ್ಲಿ, ‘ಜೀವನದಲ್ಲಿ ಜಿಗುಪ್ಸೆಗೊಂಡು’ ಅಂತಿತ್ತು. ಪೇಪರ್‌ನಲ್ಲಿ ಈ ಮಾತನ್ನು ನೂರು ಸಲ ಓದಿದ್ದೇವೆ, ಅಲ್ವಾ? ಬಲು ಅನುಕೂಲದ ಮಾತು. ಜೀವನವೂ ಅವನದೇ, ಜಿಗುಪ್ಸೆಯೂ ಅವನದೇ. ಬೇರೆ ಯಾರೂ ಅದರಲ್ಲಿ ಬರುವುದೇ ಇಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಅಮಿತಾವ ರಾಯ್ ಸಮಿತಿಯ ಲೆಕ್ಕದಲ್ಲಿ, 2017ರಿಂದ 2021ರವರೆಗೆ ದೇಶದ ಜೈಲುಗಳಲ್ಲಿ ಆದ 817 ಅಸಹಜ ಸಾವುಗಳ ಪೈಕಿ 660 ಆತ್ಮಹತ್ಯೆ. ಅಷ್ಟೂ ಜನಕ್ಕೆ ಸುಮ್ನೆ ಜಿಗುಪ್ಸೆ ಬಂತಾ?

ಆಮೇಲೆ ಆ ಹುಡುಗನ ಫೈಲ್ ತೆಗೆಸಿ ನೋಡಿದೆ. ಕಳ್ಳತನದ ಕೇಸು. ಜಾಮೀನು ಸಿಕ್ಕಿ 38 ದಿನ ಆಗಿತ್ತು! ಪಹಣಿ ಇರುವ ಇಬ್ಬರು ಶ್ಯೂರಿಟಿ ಬೇಕಿತ್ತು. ಅವರಮ್ಮ ಜಗಳೂರು ಕಡೆಯವರು, ಕೂಲಿ ಮಾಡುವವರು. “ಹೊಲ ಇದ್ದೋರ ಮನೆ ಬಾಗ್ಲಿಗೆಲ್ಲ ಹೋದೆ ಕಣವ್ವಾ, ಜೈಲು ಅಂದ ತಕ್ಷಣ ಕದ ಹಾಕ್ಕೊಂಡ್ರು” ಅಂದರು. ಜಾಮೀನು ಸಿಕ್ಕೂ 7 ದಿನದಲ್ಲಿ ಹೊರಗೆ ಬರದಿದ್ದರೆ ಜೈಲು ಸೂಪರಿಂಟೆಂಡೆಂಟ್ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲೇ ಹೇಳಿದೆ. ತಿಂಗಳಾದರೂ ಶ್ಯೂರಿಟಿ ಸಿಗದಿದ್ದರೆ ಷರತ್ತು ಸಡಿಲಿಸುವ ದಾರಿಯೂ ಇದೆ. ನಮಗೆ ಪತ್ರ ಬಂದಿರಲಿಲ್ಲ. ನಾನೂ ಕೇಳಿರಲಿಲ್ಲ. ಒಂದೇ ಕಾರಣಕ್ಕೆ ಯಾರೂ ಸಾಯುವುದಿಲ್ಲ, ಗೊತ್ತು. ಆದರೆ ‘ಜಾಮೀನು ಸಿಕ್ಕೂ ಇಲ್ಲೇ ಇರೋರು ಕೈ ಎತ್ತಿ’ ಅನ್ನೋಕೆ ನನಗೆ ಎಷ್ಟು ಹೊತ್ತು ಬೇಕಿತ್ತು?

ನ್ಯಾಯಾಂಗ ಬಂಧನದಲ್ಲಿ ಸಾವಾದರೆ 24 ಗಂಟೆಯೊಳಗೆ ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು. ರಿಜಿಸ್ಟರ್‌ನಲ್ಲಿ ನನ್ನ ಸಹಿ ಇತ್ತಲ್ಲ, ನನ್ನನ್ನೂ ಕರೆದರು. “ಆತನ ಜೊತೆ ಮಾತಾಡಿದ್ರಾ?” ಅಂತ ಮ್ಯಾಜಿಸ್ಟ್ರೇಟ್ ಕೇಳಿದರು. “ಸಾಲಿನಲ್ಲಿದ್ದ” ಅಂದೆ. ಸ್ಟೆನೋ ತಲೆ ಎತ್ತಿ, “ಹಾಗಂತಲೇ ಟೈಪ್ ಮಾಡ್ಲಾ ಮೇಡಂ?” ಅಂದರು.

ಈಗ ಹೋಗುವ ಮೊದಲೇ ಪಟ್ಟಿ ಕೇಳುತ್ತೇನೆ. ಜಾಮೀನು ಸಿಕ್ಕೂ ಒಳಗಿರುವವರು, ಈ ವಾರ ಜಾಮೀನು ವಜಾ ಆದವರು, ಮೊದಲ ಸಲ ಜೈಲು ಕಂಡವರು, ಎರಡು ತಿಂಗಳಿಂದ ಮನೆಯಿಂದ ಯಾರೂ ಬಾರದವರು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡುತ್ತೇನೆ. ವಾರ್ಡರ್ ಕಣ್ಣಿಗೆ ಕಾಣುವಷ್ಟು ದೂರ ಇರಲಿ, ಕಿವಿಗೆ ಕೇಳುವಷ್ಟು ಹತ್ತಿರ ಬೇಡ. ಇದಕ್ಕೆ ಮೂರು ಸಲ ಜಗಳ ಆಯಿತು. ತಮಾಷೆ ಏನಂದ್ರೆ, ಯಾರೂ ತಮ್ಮ ಸಂಕಟ ಹೇಳುವುದಿಲ್ಲ, ಪಕ್ಕದವನದ್ದು ಹೇಳುತ್ತಾರೆ. “ಅಕ್ಕಾ, ಆ ಮೂಲೆಯವ್ನು ಮೂರು ದಿನದಿಂದ ಮುದ್ದೆ ಮುಟ್ಟಿಲ್ಲ.” ಡಾಕ್ಟರಿಗಿಂತ ಮೊದಲು ಬ್ಯಾರಕ್‌ಗೆ ಗೊತ್ತಿರುತ್ತದೆ.

ಹೀಗೆ ಯಾರನ್ನಾದರೂ ಗುರುತಿಸಿದರೆ, “ಒಂಟಿ ಸೆಲ್‌ಗೆ ಹಾಕ್ತೀವಿ ಮೇಡಂ, ಕ್ಯಾಮೆರಾ ಇದೆ, ಸೇಫ್” ಅನ್ನುತ್ತಾರೆ. ಯಾರಿಗೆ ಸೇಫ್? ಕುಗ್ಗಿದವನನ್ನು ಒಂಟಿಯಾಗಿ ಇಡುವುದು ನನ್ನ ಪ್ರಕಾರ ಶಿಕ್ಷೆ. ಅವನು ಯಾರ ಜೊತೆ ಮಾತಾಡುತ್ತಾನೋ ಅವನ ಪಕ್ಕದಲ್ಲೇ ಮಲಗಲಿ. ಮನೆಗೆ ಫೋನ್ ಮಾಡಿಸಿ. ಮನೋವೈದ್ಯರಿಗೆ ತೋರಿಸಿ. ಹೊರಗಿರುವ ಮನೆಯವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ಚೀಟಿಯಲ್ಲಿ ಬರೆದು ಕೊಡುತ್ತೇನೆ. ಅವರೂ ಕುಗ್ಗಿರುತ್ತಾರೆ.

ಮೊನ್ನೆ ರಿಜಿಸ್ಟರ್‌ನಲ್ಲಿ ಒಂದೂವರೆ ಪುಟ ಬರೆದೆ. “ಇಷ್ಟುದ್ದ ಯಾಕೆ ಮೇಡಂ?” ಅಂದರು. ಜಾಮೀನು ಸಿಕ್ಕೂ ಏಳು ಜನ ಒಳಗಿದ್ದರು. ನಾಲ್ವರಿಗೆ ಷರತ್ತು ಸಡಿಲವಾಯಿತು. ಉಳಿದ ಮೂವರ ಅರ್ಜಿ ಶುಕ್ರವಾರ ಇದೆ.